ಬೆಂಗಳೂರು ದಂಡಿನಲ್ಲಿ ಮುಪ್ಪಿನ ಆಶ್ರಯ

ಬೆಂಗಳೂರಿನ ಇತಿಹಾಸವನ್ನು ಬರೆದವರು ಕೋಟೆಯನ್ನೂ ಪೇಟೆಯನ್ನೂ ದಂಡನ್ನೂ ಕಟ್ಟಿದವರ ವಿಚಾರವನ್ನು ವಿಸ್ತಾರವಾಗಿಯೇ ಹೇಳಿದ್ದಾರೆ. ಆ ಊರಿನಲ್ಲಿ ದುಡಿದು ಮುದುಕರಾದವರು ತಮ್ಮ ಕಡೆಯ ದಿನಗಳನ್ನು ಎಲ್ಲಿ ಕಳೆದರು, ಯಾರ ನಡುವೆ ಕಳೆದರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪೇಟೆಯ ಮಟ್ಟಿಗೆ ಉತ್ತರ ಸುಲಭವೆಂದು ತೋರಬಹುದು. ಅಲ್ಲಿ ಕುಲವಿತ್ತು, ಕಸುಬಿತ್ತು, ಮನೆಯ ಮುಂದೆ ಜಗಲಿಯಿತ್ತು. ಹಿರಿಯರು ಅವುಗಳ ನಡುವೆಯೇ ಮುಪ್ಪನ್ನು ಕಂಡರು. ಈ ಉತ್ತರ ಪೂರ್ಣ ಸತ್ಯವಲ್ಲ, ಆದರೂ ಒಂದು ಉತ್ತರ. ದಂಡಿನ ವಿಚಾರದಲ್ಲಿ ಅಷ್ಟನ್ನೂ ಹೇಳಲಾಗದು. ಇಲ್ಲಿ ನೆಲಸಿದವರಲ್ಲಿ ಬಹುಮಂದಿ ಬೇರೆ ಕಡೆಯಿಂದ ಬಂದವರು. ಬಂದ ಕಾರಣವೂ ಬೇರೊಬ್ಬರ ಆಜ್ಞೆ. ಶಿವಾಜಿನಗರ, ಹಲಸೂರುಗಳಿಂದ ಮೊದಲುಗೊಂಡು ಪೂರ್ವದಲ್ಲಿ ಕೃಷ್ಣರಾಜಪುರ, ವೈಟ್‌ಫೀಲ್ಡ್‌ಗಳವರೆಗಿನ ಪ್ರದೇಶದಲ್ಲಿ ವೃದ್ಧರಿಗೆ ದೊರೆತ ಆಶ್ರಯದ ಬಗೆಗಳನ್ನೂ, ಆ ಆಶ್ರಯದೊಳಗೆ ಅವರಿಗೆ ಉಳಿದ ಅಥವಾ ಉಳಿಯದೆಹೋದ ಒಡನಾಟವನ್ನೂ ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸುತ್ತೇವೆ.

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಸೇನೆ ಅಲ್ಲಿನ ಜ್ವರದ ಕಾಟಕ್ಕೆ ಸಿಕ್ಕಿತು. 1809ರಲ್ಲಿ ದಂಡು ಹಲಸೂರಿನ ಬಳಿಗೆ ಬಂದದ್ದು ಓದುಗರಿಗೆ ತಿಳಿದ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ಬಂಗಾಳದ ಸೇನೆಯ ಸಿಪಾಯಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಚಾಕರಿಗೆ ಹೋಗುತ್ತಿದ್ದನು. ಮದರಾಸಿನ ಸೇನೆಯ ಸಿಪಾಯಿ ಕುಟುಂಬವನ್ನು ಜೊತೆಗೇ ಕರೆದೊಯ್ಯುತ್ತಿದ್ದನು. ಬೆಂಗಳೂರಿಗೆ ಬಂದದ್ದು ಮದರಾಸಿನ ಸೇನೆ. ಆದುದರಿಂದ ಇಲ್ಲಿನ ಸಿಪಾಯಿಗಳ ಸಾಲುಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಿಂದಿರುಗಲು ಊರೆಂಬುದೇ ಇರಲಿಲ್ಲ. ಬಂಗಾಳದ ಸಿಪಾಯಿ ಪಿಂಚಣಿ ಪಡೆದು ತನ್ನ ಹಳ್ಳಿಯ ಮರದ ನೆರಳಿಗೆ ಮರಳಬಹುದಾಗಿತ್ತು. ದಂಡಿನ ತಮಿಳು, ತೆಲುಗು, ದಖನಿ ಮಾತಾಡುವ ಮುದುಕನಿಗೆ ಊರೂ ದಂಡೇ, ಕೇರಿಯೂ ದಂಡೇ. 1834ರಲ್ಲಿ ಮದರಾಸ್ ಸ್ಯಾಪರ್ಸ್ ಪಡೆ ಇಲ್ಲಿ ನೆಲೆಗೊಂಡ ತರುವಾಯ ಹಲಸೂರಿನ ಕೆರೆಯ ಸುತ್ತ ಇಂತಹ ಮನೆತನಗಳು ಇನ್ನಷ್ಟು ಬೇರೂರಿದವು.

ಪಿಂಚಣಿಯ ವಿಚಾರವಾಗಿ ಒಂದು ಮಾತು. ಕಂಪನಿಯ ಗಾಯಾಳು ಸೈನಿಕರಿಗೂ ಅವರ ವಿಧವೆಯರಿಗೂ ನೆರವಾಗಲೆಂದು ಲಾರ್ಡ್ ಕ್ಲೈವನ ಹೆಸರಿನ ನಿಧಿಯೊಂದು 1770ರಲ್ಲಿ ಸ್ಥಾಪಿತವಾಯಿತು. ಅದರ ಮೂಲಧನ ಮೀರ್ ಜಾಫರನು ಕ್ಲೈವನಿಗೆ ಬಿಟ್ಟುಹೋದ ಐದು ಲಕ್ಷ ರೂಪಾಯಿ. ಬಂಗಾಳದ ನವಾಬನ ಹಣ ಯೂರೋಪಿನ ಮುದಿ ಸೋಲ್ಜರನ ಊಟಕ್ಕಾದುದು ಇತಿಹಾಸದ ವಿನೋದಗಳಲ್ಲೊಂದು. ಹಣ ಎಲ್ಲಿಂದ ಬಂದಿತೆಂಬುದಕ್ಕಿಂತ, ಅದನ್ನು ಪಡೆದವನು ಎಲ್ಲಿ ಮನೆ ಮಾಡಿದನೆಂಬುದು ನಮಗೆ ಮುಖ್ಯ. ದಂಡಿನ ಈಶಾನ್ಯದಲ್ಲಿ, ಈಗ ಕ್ಲೀವ್‌ಲೆಂಡ್ ಟೌನ್ ಎಂದು ಕರೆಯುವ ಬಡಾವಣೆಗೆ ಸೇರಿದಂತೆ ಸೇಂಟ್ ಜಾನ್ಸ್ ಹಿಲ್ ಇದೆ. ಲೂಯಿ ರೈಸರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಈ ದಿಣ್ಣೆಯ ಮೇಲೆ ಯೂರೋಪಿಯನ್ ಪಿಂಚಣಿದಾರರು ಇಂಗ್ಲಿಷ್ ಮಾದರಿಯ ಚಿಕ್ಕ ಮನೆಗಳಲ್ಲಿ ನೆಲಸಿದ್ದುದನ್ನು ಉಲ್ಲೇಖಿಸಿದ್ದಾರೆ. 1850ರ ದಶಕದಲ್ಲಿ ಅಲ್ಲಿ ಸೇಂಟ್ ಜಾನ್ ಚರ್ಚು ಎದ್ದಿತು. ಚರ್ಚಿನೊಡನೆ ಶಾಲೆ, ವಾಚನಾಲಯಗಳೂ ಬಂದವು.

ಈ ಗುಡ್ಡದ ಮೇಲಿನ ನೆಲೆಯನ್ನು ಯಾರೂ ವೃದ್ಧಾಶ್ರಮವೆಂದು ಕರೆದಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೂ ವೃದ್ಧರ ವಸತಿಯೊಂದಕ್ಕೆ ಬೇಕಾದ ಬಹಳಷ್ಟು ಲಕ್ಷಣಗಳು ಅಲ್ಲಿದ್ದವು. ಕೈಗೆಟಕುವ ಮನೆ, ತಿಂಗಳು ತಿಂಗಳಿಗೆ ಬರುವ ಹಣ, ಒಂದೇ ಬಗೆಯ ಬಾಳನ್ನು ಬಾಳಿದ ನೆರೆಯವರು, ಓದಲು ಪತ್ರಿಕೆ, ಭಾನುವಾರದ ಪ್ರಾರ್ಥನೆ. ಇವೆಲ್ಲಕ್ಕೂ ಮಿಗಿಲಾಗಿ, ಗುಡ್ಡವಿಳಿದರೆ ಬಜಾರು. ಬ್ಲ್ಯಾಕ್‌ಪಲ್ಲಿಯೆಂದು ಆಗ ಹೆಸರಾಗಿದ್ದ ಇಂದಿನ ಶಿವಾಜಿನಗರದ ಗಲ್ಲಿಗಳು ಹೆಚ್ಚು ದೂರದಲ್ಲಿರಲಿಲ್ಲ. ಮುದಿ ಸೋಲ್ಜರನು ಮಾಂಸ, ತರಕಾರಿ, ಹೊಗೆಸೊಪ್ಪುಗಳಿಗಾಗಿ ಅಲ್ಲಿಗೆ ಇಳಿಯಬೇಕಾಗಿತ್ತು. ಹರಕು ತಮಿಳಿನಲ್ಲೋ ಹಿಂದೂಸ್ತಾನಿಯಲ್ಲೋ ಚೌಕಾಸಿ ಮಾಡಬೇಕಾಗಿತ್ತು. ಈ ಇಳಿದು ಹತ್ತುವ ಸಣ್ಣ ಕೆಲಸವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ವಿವೇಚನೆಯೆಲ್ಲ ಅದರ ಮೇಲೆ ನಿಂತಿದೆ.

ಪಿಂಚಣಿಯಿಲ್ಲದವರ ಪಾಡು ಬೇರೆ. ಬಂಗಲೆಗಳ ಬಟ್ಲರು, ಅಡುಗೆಯವನು, ಆಯಾ, ಕುದುರೆ ನೋಡಿಕೊಳ್ಳುವವನು — ಇವರ ದುಡಿಮೆಗೆ ಕಡೆಯಲ್ಲಿ ದೊರೆಯುತ್ತಿದ್ದುದು ದೊರೆ ಬರೆದುಕೊಟ್ಟ ಒಂದು ಚೀಟಿ. ದೊರೆ ಹಡಗು ಹತ್ತಿದ ಮೇಲೆ ಇನ್ನೊಬ್ಬ ದೊರೆ ಸಿಕ್ಕಿದರೆ ಚೀಟಿಗೆ ಬೆಲೆ. ಮುಪ್ಪು ಬಂದ ಮೇಲೆ ಅದಕ್ಕೆ ಏನು ಬೆಲೆ? ದಂಡಿನ ವರ್ತಕ ಸಿರಿವಂತರು ದಾನಿಗಳಾಗಿರಲಿಲ್ಲವೆಂದಲ್ಲ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಶಾಲೆಯನ್ನು ತೆರೆದರು. ಹಾಜಿ ಸರ್ ಇಸ್ಮಾಯಿಲ್ ಸೇಟರ ಹೆಸರು ಗೋಷಾ ಆಸ್ಪತ್ರೆಯೊಡನೆಯೂ ಫ್ರೇಜರ್ ಟೌನಿನ ಮಸೀದಿಯೊಡನೆಯೂ ಸೇರಿಕೊಂಡಿದೆ. ಈ ದಾನಗಳ ದಿಕ್ಕನ್ನು ಗಮನಿಸಿದರೆ ಒಂದು ವಿಚಾರ ಸ್ಪಷ್ಟವಾಗುತ್ತದೆ. ಶಾಲೆ ಹುಡುಗರಿಗೆ, ಆಸ್ಪತ್ರೆ ಬಾಣಂತಿಗೆ, ಛತ್ರ ದಾರಿಹೋಕನಿಗೆ. ಮುದುಕ ಎಂಬುವನು ದಾನಿಯ ಕಣ್ಣಿಗೆ ಪ್ರತ್ಯೇಕವಾದ ಒಂದು ವರ್ಗವಾಗಿ ಕಂಡಿರಲಿಲ್ಲ. ಅವನು ಯಾರದೋ ಮನೆಯವನೆಂಬುದು ಎಲ್ಲರ ಊಹೆ. ಮನೆಯಿಲ್ಲದ ಮುದುಕ ಹಲಸೂರಿನ ಸೋಮೇಶ್ವರನ ಗುಡಿಯ ಮುಂದೆಯೋ ಮಸೀದಿಯ ಮೆಟ್ಟಿಲಿನ ಬಳಿಯೋ ಚರ್ಚಿನ ಬಾಗಿಲಲ್ಲೋ ಕೂತಾಗ ಅವನಿಗೆ ಕೊಡುತ್ತಿದ್ದ ಹೆಸರು ಭಿಕ್ಷುಕನೆಂದೇ ಹೊರತು ವೃದ್ಧನೆಂದಲ್ಲ.

1898ರಲ್ಲಿ ಪ್ಲೇಗು ಬಂದಿತು. 1881ರ ಬಳಿಕ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷರ ಆಡಳಿತದಲ್ಲಿಯೇ ಉಳಿದಿದ್ದ ಈ ಭಾಗದ ಜನಸಂಖ್ಯೆ 1891ರ ಜನಗಣತಿಯಲ್ಲಿ 1,00,081 ಇದ್ದುದು 1901ರಲ್ಲಿ 89,599ಕ್ಕೆ ಇಳಿಯಿತು. ಸತ್ತವರು ಹಲವರು, ಓಡಿಹೋದವರು ಇನ್ನೂ ಹಲವರು. ಇಂತಹ ಓಟದಲ್ಲಿ ಹಿಂದೆ ಬೀಳುವವರು ಯಾರೆಂದು ವಿವರಿಸಬೇಕಾದುದಿಲ್ಲ. ಮುಂದಿನ ದಶಕದಲ್ಲಿ ಫ್ರೇಜರ್ ಟೌನಿನಂತಹ ಗಾಳಿ ಬೆಳಕಿನ ಬಡಾವಣೆಗಳು ಪ್ಲೇಗಿನ ಪಾಠದ ಫಲವಾಗಿ ಹುಟ್ಟಿದುದನ್ನು ನಗರಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಅದೇ ಕಾಲದಲ್ಲಿ, 1900ರಲ್ಲಿ, ಹೊಸೂರು ರಸ್ತೆಯಲ್ಲಿ ಬೇರೊಂದು ಬಗೆಯ ಮನೆ ತೆರೆಯಿತು. ಅದನ್ನು ತೆರೆದವರು ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್, ಎಂದರೆ ಬಡವರ ಕಿರಿಯ ಸೋದರಿಯರು, ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರು.

ಈ ಸಂಘದ ಮೂಲವನ್ನು ಕೊಂಚ ವಿವರವಾಗಿ ಹೇಳುವುದು ಅವಶ್ಯಕ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಸ್ಯಾಂ ಸರ್ವಾಂ ಎಂಬ ಬಂದರಿನಲ್ಲಿ ಮನೆಗೆಲಸ ಮಾಡಿ ಬದುಕುತ್ತಿದ್ದ ಜೀನ್ ಜುಗನ್ ಎಂಬ ಹೆಂಗಸು 1839ರ ಚಳಿಗಾಲದಲ್ಲಿ ಕುರುಡಿಯಾದ ಒಬ್ಬ ಮುದಿ ವಿಧವೆಯನ್ನು ಹೊತ್ತು ತಂದು ತನ್ನ ಹಾಸಿಗೆಯ ಮೇಲೆ ಮಲಗಿಸಿದಳು. ಸಂಘ ಬೆಳೆದದ್ದು ಆ ಒಂದು ಹಾಸಿಗೆಯಿಂದ. ಆಕೆ ಕೂಡಿಸಿಕೊಂಡ ಮುದುಕಿಯರಲ್ಲಿ ಹಲವರು ಅದುವರೆಗೆ ಬೀದಿಯಲ್ಲಿ ಬೇಡಿ ತಿನ್ನುತ್ತಿದ್ದವರು. ಇನ್ನು ಮುಂದೆ ನೀವು ಹೋಗಬೇಡಿ, ನಿಮಗೆ ಭಿಕ್ಷೆ ನೀಡುತ್ತಿದ್ದ ಮನೆಗಳು ಯಾವುವೆಂದು ಹೇಳಿ, ನಿಮ್ಮ ಬದಲು ನಾನು ಹೋಗುತ್ತೇನೆ ಎಂದು ಆಕೆ ಬುಟ್ಟಿ ಹಿಡಿದು ಹೊರಟಳಂತೆ. ಇದನ್ನು ಭಕ್ತಿಯ ಕಥೆಯೆಂದು ಓದಿ ಬದಿಗಿಡುವುದು ವಾಡಿಕೆ. ಸಮಾಜದ ಇತಿಹಾಸವನ್ನು ಅಭ್ಯಸಿಸುವವರಿಗೆ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ಬೇಡುವ ಮುದುಕಿಗೂ ನೀಡುವ ಮನೆಗೂ ನಡುವೆ ಅವಮಾನದ್ದೇ ಆದರೂ ಒಂದು ಸಂಬಂಧವಿತ್ತು. ಜೀನ್ ಜುಗನ್ ಅವಮಾನವನ್ನು ತಾನು ವಹಿಸಿಕೊಂಡಳು, ಸಂಬಂಧವನ್ನು ಕಡಿಯಲಿಲ್ಲ. ಇಂತಹ ಮನೆಗಳ ಸ್ಥಾಪಕರಲ್ಲಿ ಈ ಸೂಕ್ಷ್ಮವನ್ನು ಕಂಡವರು ಹೆಚ್ಚು ಮಂದಿಯಿಲ್ಲವೆಂದು ನಮ್ಮ ಅಭಿಪ್ರಾಯ. ರೋಮಿನ ಪೀಠ ಆಕೆಯನ್ನು 2009ರಲ್ಲಿ ಸಂತಳೆಂದು ಘೋಷಿಸಿತು.

ಸಂಘದ ನಿಯಮಗಳು ಈ ಮೂಲಕ್ಕೆ ಹೊಂದಿಕೊಂಡಿವೆ. ಶಾಶ್ವತ ವರಮಾನ ತರುವ ದತ್ತಿಯನ್ನು ಇಟ್ಟುಕೊಳ್ಳಕೂಡದು. ದಿನದಿನದ ಅಗತ್ಯವನ್ನು ಊರಿನಲ್ಲಿ ತಿರುಗಿ ಕೂಡಿಸಬೇಕು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಅತಿಥಿಸತ್ಕಾರವೆಂಬ ನಾಲ್ಕನೆಯ ವ್ರತವುಂಟು. ಜಾತಿ ಮತಗಳನ್ನು ನೋಡದೆ ಬಡ ವೃದ್ಧರನ್ನು ಸೇರಿಸಿಕೊಳ್ಳಬೇಕು. ಸೇರಿದವರನ್ನು ಕೊನೆಯ ಉಸಿರಿನವರೆಗೆ ನೋಡಿಕೊಳ್ಳಬೇಕು. ಮನೆಯ ಮುಖ್ಯಸ್ಥೆಯನ್ನು ಒಳ್ಳೆಯ ತಾಯಿ ಎಂದು ಕರೆಯುವ ಪದ್ಧತಿ ಮೊದಲಿನಿಂದ ಬಂದದ್ದು. ಮಗಳ ವಯಸ್ಸಿನವಳನ್ನು ತಾಯಿಯೆಂದು ಕರೆಯುವುದು ಫ್ರೆಂಚರಿಗೆ ಹೇಗೆ ಕೇಳಿಸುತ್ತಿತ್ತೋ ಅರಿಯೆವು. ಮಗಳನ್ನೂ ಸೊಸೆಯನ್ನೂ ಅಮ್ಮಾ ಎಂದು ಕರೆಯುವ ನಮ್ಮವರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು.

ಸೋದರಿಯರ ದಿನಚರಿಯಲ್ಲಿ ಪೇಟೆ ಸುತ್ತುವುದು ಹೀಗೆ ಒಂದು ಕರ್ತವ್ಯವಾಯಿತು. ಹೊಸೂರು ರಸ್ತೆಯ ಮೇಲೆಯೇ ಜಾನ್ಸನ್ ಮಾರುಕಟ್ಟೆಯಿದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆ 1927ರಲ್ಲಿ ಕಟ್ಟಿದ್ದು. ಮುಸಲ್ಮಾನ್ ಕಸಾಯಿಯವರು, ತಮಿಳು ಮೀನುಗಾರ್ತಿಯರು, ತರಕಾರಿ ಮಾರುವ ತಿಗಳರು ಇರುವ ಊರಿನಲ್ಲಿ ಬಿಳಿಯುಡುಪಿನ ಸೋದರಿಗೆ ಒಂದು ಹಿಡಿ ಸೊಪ್ಪನ್ನೋ ಒಂದು ಸೇರು ಅಕ್ಕಿಯನ್ನೋ ನೀಡುವವನು, ತಾನು ನೀಡುತ್ತಿರುವುದು ಯಾವುದೋ ಕಛೇರಿಗಲ್ಲ, ತಾನು ದಿನವೂ ಹಾದುಹೋಗುವ ಗೇಟಿನ ಒಳಗಿರುವ ಮುದುಕರಿಗೆಂದು ಅರಿತಿರುತ್ತಾನೆ. ದತ್ತಿಯ ಬಡ್ಡಿಯಿಂದ ನಡೆಯುವ ಮನೆ ಊರನ್ನು ಮರೆಯಬಹುದು, ಊರೂ ಅದನ್ನು ಮರೆಯಬಹುದು. ದಿನವೂ ಬೇಡಬೇಕಾದ ಮನೆಗೆ ಆ ಸೌಕರ್ಯವಿಲ್ಲ. ಬಡತನದ ವ್ರತದಿಂದ ವೃದ್ಧರಿಗಾದ ಲಾಭ ಇದು; ವ್ರತ ತೊಟ್ಟವರು ಇದನ್ನು ಉದ್ದೇಶಿಸಿದ್ದರೆಂದೇನೂ ಅಲ್ಲ.

ಇಲ್ಲಿ ಒಡನಾಟವೆಂಬ ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇಂಗ್ಲೆಂಡಿನ ಸಮಾಜವಿಜ್ಞಾನಿ ಪೀಟರ್ ಟೌನ್‌ಸೆಂಡ್ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನಿನ ವೃದ್ಧರನ್ನು ಕುರಿತು 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜನಸಂಪರ್ಕವಿಲ್ಲದಿರುವುದು ಒಂದು, ಒಂಟಿಯೆನಿಸುವುದು ಇನ್ನೊಂದು ಎಂದು ವಿಂಗಡಿಸಿದರು. ಒಬ್ಬನೇ ಇದ್ದೂ ಒಂಟಿಯೆನಿಸದವರುಂಟು. ನೂರು ಮಂಚಗಳ ನಡುವೆ ಒಂಟಿಯಾದವರುಂಟು. 1962ರಲ್ಲಿ ಅವರು ಅಲ್ಲಿನ ವೃದ್ಧಗೃಹಗಳನ್ನು ಪರಿಶೀಲಿಸಿ ಬರೆದ ಇನ್ನೊಂದು ಗ್ರಂಥ ಈ ಎರಡನೆಯ ಬಗೆಯವರ ಮೇಲೆ ಬೆಳಕು ಚೆಲ್ಲಿತು. ಕ್ಯಾಲಿಫೋರ್ನಿಯದ ಅಲಮೀಡ ಕೌಂಟಿಯ 6,928 ವಯಸ್ಕರನ್ನು 1965ರಿಂದ ಒಂಬತ್ತು ವರ್ಷ ಅನುಸರಿಸಿದ ಅಧ್ಯಯನವನ್ನು ಬರ್ಕ್‌ಮನ್ ಮತ್ತು ಸೈಮ್ 1979ರಲ್ಲಿ ಪ್ರಕಟಿಸಿದರು. ಬಂಧುಮಿತ್ರರ, ಸಂಘಗಳ ನಂಟು ಕಡಮೆಯಿದ್ದವರು ಆ ಅವಧಿಯಲ್ಲಿ ಹೆಚ್ಚಾಗಿ ಸತ್ತರೆಂಬುದು ಅದರ ನಿರ್ಣಯ. ಕುಡಿತ, ಧೂಮಪಾನ ಮುಂತಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಒಡನಾಟ ಅನ್ನದ ಮೇಲಿನ ಉಪ್ಪಿನಕಾಯಲ್ಲ, ಅನ್ನದ ಭಾಗವೇ ಎಂದಾಯಿತು.

ಈ ವಿಂಗಡಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವೈಟ್‌ಫೀಲ್ಡಿನ ಕಡೆ ನೋಡೋಣ. 1882ರಲ್ಲಿ ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ನೀಡಿದರು. ಈ ಚಳವಳಿಯ ಮುಂದಾಳು ಡಿ. ಎಸ್. ವೈಟ್, ಊರಿಗೆ ಅವರ ಹೆಸರೇ ನಿಂತಿತು. ನಡುವೆ ಬಯಲು, ಸುತ್ತ ವೃತ್ತಾಕಾರದ ರಸ್ತೆ, ರಸ್ತೆಗೆ ಮುಖಮಾಡಿದ ಮನೆಗಳು — ನಕ್ಷೆ ನೋಡಲು ಬಹು ಸೊಗಸು. ಗುಮಾಸ್ತಗಿರಿಗೆ ಜೋತುಬಿದ್ದ ಸಮುದಾಯ ನೆಲವನ್ನು ಉತ್ತು ಸ್ವತಂತ್ರವಾಗಿ ಬಾಳಬೇಕೆಂಬುದು ಉದ್ದೇಶ. ಉಳುಮೆ ಕೈಹಿಡಿಯಲಿಲ್ಲ. ತರುಣರು ರೈಲ್ವೆಗೆ, ತಂತಿ ಇಲಾಖೆಗೆ, ಕೋಲಾರದ ಚಿನ್ನದ ಗಣಿಗೆ ಹೊರಟುಹೋದರು. ದುಡಿಮೆ ಮುಗಿಸಿದವರು ಹಿಂದಿರುಗಿ ಬಂದರು. ಹೀಗೆ ಬೇಸಾಯಗಾರರ ವಸಾಹತಾಗಬೇಕೆಂದು ಹೊರಟುದು ನಿವೃತ್ತರ ಊರಾಯಿತು.

ಅಲ್ಲಿನ ಬಾಳು ಹಿತಕರವಾಗಿರಲಿಲ್ಲವೆಂದು ನಾವು ಹೇಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಚಿಕ್ಕ ಊರು. ಚರ್ಚಿತ್ತು, ಚಹದ ಕೂಟವಿತ್ತು, ಹಣ್ಣಿನ ಮರಗಳ ನೆರಳಿತ್ತು. ಟೌನ್‌ಸೆಂಡರ ಮಾತಿನಲ್ಲಿ ಹೇಳುವುದಾದರೆ ಅವರು ಜನಸಂಪರ್ಕವಿಲ್ಲದವರಲ್ಲ. ಆದರೆ ಆ ಸಂಪರ್ಕವೆಲ್ಲ ಒಂದೇ ಸಮುದಾಯದೊಳಗಿನದು, ಬಹುಮಟ್ಟಿಗೆ ಒಂದೇ ವಯಸ್ಸಿನವರದು. ರೈಲು ನಿಲ್ದಾಣ ಊರಿನಿಂದ ದೂರ. ದಂಡಿನ ಬೌರಿಂಗ್ ಆಸ್ಪತ್ರೆ ಇನ್ನೂ ದೂರ. ತನ್ನ ವಾರಿಗೆಯವರೊಡನೆ ಮಾತ್ರ ನಂಟಿರುವ ಮುದುಕನ ನಂಟು ಪ್ರತಿ ಶವಸಂಸ್ಕಾರದೊಡನೆ ಒಂದಂಶ ಕುಗ್ಗುತ್ತದೆ. 1947ರ ತರುವಾಯ ಇಂಗ್ಲೆಂಡಿಗೂ ಅನಂತರ ಆಸ್ಟ್ರೇಲಿಯ, ಕೆನಡಗಳಿಗೂ ಮಕ್ಕಳು ಹೊರಟಾಗ ವೈಟ್‌ಫೀಲ್ಡಿನ ವೃತ್ತದಲ್ಲಿ ತೆರವಾದ ಮನೆಗಳನ್ನು ತುಂಬಲು ಅಂತಹವರೇ ಮತ್ತೆ ಬರಲಿಲ್ಲ. ಸೇಂಟ್ ಜಾನ್ಸ್ ಗುಡ್ಡದಲ್ಲಿಯೂ ಯೂರೋಪಿಯನ್ ಪಿಂಚಣಿದಾರರು ಕಾಲಕ್ರಮದಲ್ಲಿ ಇಲ್ಲವಾದರು. ಆದರೆ ಅಲ್ಲಿ ಕೊನೆಗೆ ಉಳಿದವನಿಗೂ ಗುಡ್ಡದ ಕೆಳಗೆ ಬಜಾರಿತ್ತು. ನಕ್ಷೆಯ ಸೊಗಸಿಗೂ ಮುಪ್ಪಿನ ಸುಖಕ್ಕೂ ನೇರವಾದ ಸಂಬಂಧವಿಲ್ಲವೆಂದು ತೋರಿಸಲು ಈ ಎರಡು ನೆಲೆಗಳ ಹೋಲಿಕೆಗಿಂತ ಉತ್ತಮವಾದ ನಿದರ್ಶನ ಬೆಂಗಳೂರಿನಲ್ಲಿ ನಮಗೆ ತೋರದು.

ದಂಡು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ನಗರದೊಡನೆ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಸೇರಿತು. ಬ್ಲ್ಯಾಕ್‌ಪಲ್ಲಿ ಶಿವಾಜಿನಗರವಾಯಿತು. ಇದಕ್ಕೆ ಸ್ವಲ್ಪ ಮೊದಲು, 1944ರಲ್ಲಿ, ಸಂಸ್ಥಾನ ಭಿಕ್ಷಾಟನೆಯನ್ನು ನಿಷೇಧಿಸುವ ಶಾಸನವನ್ನು ಮಾಡಿತ್ತು. 1975ರಲ್ಲಿ ಕರ್ನಾಟಕಕ್ಕೆ ಅದರ ಸ್ಥಾನದಲ್ಲಿ ಹೊಸ ಶಾಸನ ಬಂದಿತು. ನಗರದ ಪಶ್ಚಿಮಕ್ಕೆ ಮಾಗಡಿ ರಸ್ತೆಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಏರ್ಪಟ್ಟಿತು. ಗುಡಿಯ ಮುಂದೆ ಕೂತ ಮುದುಕನನ್ನು ಹಿಡಿದು ಅಲ್ಲಿಗೆ ಒಯ್ಯಲು ಕಾನೂನು ಅವಕಾಶ ಕೊಟ್ಟಿತು. ಬಿಸಿಲು ಮಳೆಗಳಿಂದ ಅವನನ್ನು ಕಾಪಾಡಿದಂತಾಯಿತು, ನಿಜ. ಅವನಿಗೆ ದಿನವೂ ಕಾಸು ಹಾಕುತ್ತಿದ್ದ ಹೂವಾಡಗಿತ್ತಿ, ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ ಚಹದಂಗಡಿಯವನು ಇವರ ಕಣ್ಣಿನಿಂದಲೂ ಅವನು ಮರೆಯಾದನು. 2010ರ ಆಗಸ್ಟಿನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಸತ್ತ ಸುದ್ದಿ ಹೊರಬಿದ್ದಾಗ ನಾಡು ಬೆಚ್ಚಿತು. ಜೀನ್ ಜುಗನ್ ಮಾಡಿದುದಕ್ಕೆ ಇದು ತದ್ವಿರುದ್ಧವಾದ ಕ್ರಮವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡರಲ್ಲಿಯೂ ಭಿಕ್ಷೆ ನಿಂತಿತು. ಒಂದರಲ್ಲಿ ಮಾತ್ರ ಭಿಕ್ಷೆ ನೀಡುವವನ ನಂಟು ಉಳಿಯಿತು.

ಪೂರ್ವ ಬೆಂಗಳೂರಿಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಬಗೆಯ ದಂಡುಗಳು ಬಂದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ. ಇಲ್ಲಿಯೂ ದೂರದೂರದ ಊರುಗಳಿಂದ ಬಂದವರು, ಇಲ್ಲಿಯೂ ಸಾಲುಮನೆಗಳು, ಇಲ್ಲಿಯೂ ಚಾಕರಿ ಮುಗಿದ ದಿನ ವಸತಿಗೃಹವನ್ನು ತೆರವು ಮಾಡಬೇಕು. ಇಂದಿರಾನಗರದ ಡಿಫೆನ್ಸ್ ಕಾಲೊನಿಯಲ್ಲಿ ನಿವೃತ್ತ ಸೇನಾಧಿಕಾರಿಗಳು ಮನೆ ಕಟ್ಟಿಕೊಂಡುದನ್ನು ನೋಡಿದರೆ ಸೇಂಟ್ ಜಾನ್ಸ್ ಗುಡ್ಡ ನೆನಪಿಗೆ ಬಾರದಿರದು. ಮಕ್ಕಳು ಕಡಲಾಚೆಗೆ ಹೋಗುವ ಪದ್ಧತಿ ಒಂದು ಕಾಲಕ್ಕೆ ಆಂಗ್ಲೋ ಇಂಡಿಯನ್ನರ ವಿಶೇಷವೆನಿಸಿತ್ತು. ಈಗ ಅದು ಎಲ್ಲ ಜಾತಿಗಳ ಮಧ್ಯಮವರ್ಗದ ಸಾಮಾನ್ಯ ಲಕ್ಷಣ. ನಗರದ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನೊಡನೆ ಸೇರಿ 2002ರಲ್ಲಿ 1090 ಎಂಬ ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ಆರಂಭಿಸಿದರು. ಅದೇ ಟ್ರಸ್ಟು ಮರೆವಿನ ಕಾಯಿಲೆಯವರಿಗಾಗಿ ಕಸ್ತೂರಿನಗರದಲ್ಲಿ 2010ರಲ್ಲಿ ಒಂದು ಕೇಂದ್ರವನ್ನು ತೆರೆಯಿತು. ವೈಟ್‌ಫೀಲ್ಡಿನ ಸುತ್ತಮುತ್ತ ಉಳ್ಳವರ ಮುಪ್ಪಿಗೆಂದೇ ಕಟ್ಟಿದ ವಸತಿಸಮುಚ್ಚಯಗಳಿವೆ. ಕಾವಲಿನ ಗೇಟು, ವೈದ್ಯರು, ಊಟ ಎಲ್ಲವೂ ಒಳಗೇ ದೊರೆಯುತ್ತವೆ. ಹೊರಗೆ ಹೋಗುವ ಕಾರಣವೇ ಇರದಂತೆ ಮಾಡಿರುವುದು ಅವುಗಳ ಹೆಗ್ಗಳಿಕೆ.

ಇನ್ನು ಬಡವರ ವಿಚಾರ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭ್ಯುದಯ ಅಧಿನಿಯಮದ 19ನೆಯ ಪ್ರಕರಣ ಪ್ರತಿ ಜಿಲ್ಲೆಯಲ್ಲಿ ಒಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಎಡೆಯಿರುವಂತೆ, ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ಅಲ್ಲಿ ಒದಗಿಸಬೇಕಾದ ಸೇವೆಗಳನ್ನು ಹೇಳುವಾಗ ಅದು ವೈದ್ಯಕೀಯ ಆರೈಕೆಯನ್ನೂ ಮನರಂಜನೆಯ ಸಾಧನಗಳನ್ನೂ ಹೆಸರಿಸುತ್ತದೆ. ಮನರಂಜನೆಯೆಂಬ ಪದವನ್ನು ಓದಿದಾಗ ಗೋಡೆಗೆ ತೂಗುಹಾಕಿದ ದೂರದರ್ಶನದ ಪೆಟ್ಟಿಗೆಯೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ. ವ್ಯಾಖ್ಯಾನಕಾರರು ಅದರ ಮೇಲೆ ಹೆಚ್ಚು ನಿಂತಂತೆ ಕಾಣುವುದಿಲ್ಲ. ಈ ಮನೆಗಳು ಸುಲಭವಾಗಿ ತಲುಪಬಹುದಾದ ಸ್ಥಳಗಳಲ್ಲಿರಬೇಕೆಂದು ಶಾಸನ ಹೇಳುತ್ತದೆ. ಯಾರು ತಲುಪಲು ಎಂದು ಹೇಳುವುದಿಲ್ಲ. ಅಧಿಕಾರಿಯ ವಾಹನ ತಲುಪಬೇಕೆಂದಾದರೆ ಊರಾಚೆಯ ಅಗ್ಗದ ನೆಲದಲ್ಲಿ ಕಟ್ಟಿ ಡಾಂಬರಿನ ರಸ್ತೆ ಹಾಕಿದರೆ ಸಾಕು. ಕೋಲೂರಿಕೊಂಡ ಮುದುಕಿಯೊಬ್ಬಳು ಒಳಗಿನಿಂದ ಹೊರಟು ತರಕಾರಿ ಅಂಗಡಿಯನ್ನು ತಲುಪಿ, ನಾಲ್ಕು ಮಾತಾಡಿ, ಕತ್ತಲಾಗುವ ಮೊದಲು ಹಿಂದಿರುಗಬೇಕೆಂದಾದರೆ ಕಟ್ಟಬೇಕಾದ ಜಾಗ ಬೇರೆ, ಅದಕ್ಕೆ ತೆರಬೇಕಾದ ಬೆಲೆಯೂ ಬೇರೆ.